ಆಲದ ಮರದ ವಾಸನೆ

ಆಲೂಗಡ್ಡೆ ಬೇಯಲು ಇಟ್ಟು ಮಲಗಿಬಿಡುವುದು ದೊಡ್ಡ ಅಪರಾಧವೇನಲ್ಲ. ಆದರೆ ಎದುರಿನ ಗುಡ್ಡದಾಚೆ ಕಾಡು ಹೊತ್ತಿ ಉರಿಯುತ್ತಿರುವಾಗ, ಇಡೀ ಊರು ಬಾಯಿಗೆ ಬಟ್ಟೆ ಕಟ್ಟಿಕೊಂಡು ಓಡಾಡುತ್ತಿರುವಾಗ, ಆ ಕೆಲಸಕ್ಕೆ ಅದು ಒಳ್ಳೆಯ ಗಳಿಗೆ ಎಂದು ಯಾರೂ ಹೇಳಲಾರರು.

ಚಷ್ಮಾ ಅದನ್ನೇ ಮಾಡಿದ. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸವಾದ್ದರಿಂದ ಕಟ್ಟಡದವರೆಲ್ಲ ಚಷ್ಮಾ ಎಂದೇ ಕರೆದು ಕರೆದು, ಈಗ ಅವನಿಗೂ ಹಳೆಯ ಹೆಸರು ಯಾರದ್ದೋ ಅನ್ನಿಸುತ್ತಿತ್ತು. ಅಂದು ಭಾನುವಾರ. ಅವನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು; ಹೊಗೆ ಕುಡಿದು ಉಸಿರು ಕಟ್ಟಿದವರಿಂದ ವಾರ್ಡು ತುಂಬಿದ್ದರಿಂದ ಅವಳಿಗೆ ಭಾನುವಾರವೂ ಇಲ್ಲ, ಸೋಮವಾರವೂ ಇಲ್ಲ. ಹೊರಡುವಾಗ, "ರೀ, ಒಲೆ ಮೇಲೆ ಒಂದು ಕಣ್ಣಿಟ್ಟಿರಿ" ಎಂದು ಹೇಳಿಹೋಗಿದ್ದಳು. ಅವನು ಸೋಫಾದ ಮೇಲೆ ಒರಗಿಕೊಂಡು ಅಲ್ಲಿಂದಲೇ ಒಂದು ಕಣ್ಣಿಟ್ಟ. ಮೊದಲು ಮುಚ್ಚಿದ್ದು ಆ ಕಣ್ಣೇ. ಇನ್ನೊಂದು ಒಂಟಿಯಾಗಿ ಏನು ಮಾಡೀತು?

ಕೆಮ್ಮುತ್ತ ಎದ್ದಾಗ ಎದುರಿನ ಗೋಡೆ ಕಾಣುತ್ತಿರಲಿಲ್ಲ. ಅಡುಗೆಮನೆಗೆ ನುಗ್ಗಿ ಒಲೆ ಆರಿಸಿದ. ಪಾತ್ರೆಯಲ್ಲಿ ನೀರಿನ ಸುಳಿವಿಲ್ಲ. ಆಲೂಗಡ್ಡೆಗಳು ಇದ್ದಿಲಾಗಿ ತಳಕ್ಕೆ ಅಂಟಿ ಕೂತಿದ್ದವು. ಹೊಗೆ ಹೋಗಲೆಂದು ಮುಂಬಾಗಿಲು ತೆರೆದದ್ದೇ ತಪ್ಪಾಯಿತು. ಊಟ ಮುಗಿದ ನೆಂಟರ ಹಾಗೆ ಹೊಗೆಯೆಲ್ಲ ಒಟ್ಟಿಗೆ ಹೊರಟು ಮೆಟ್ಟಿಲು ಹತ್ತಿ ಮೇಲಿನ ಮಹಡಿ ಸೇರಿತು.

ಮೇಲಿನ ಮಹಡಿಯಲ್ಲಿದ್ದವರು ನಿವೃತ್ತ ಹೆಡ್ಮಾಸ್ತರು. ಬನಿಯನ್ನಿನಲ್ಲೇ ಕೆಳಗಿಳಿದು ಬಂದರು.

"ಏನಯ್ಯಾ ಇದು! ನಿನ್ನ ಮನೆಯಿಂದ ಬರ್ತಿದೆಯಲ್ಲೋ ಹೊಗೆ!"

ಕಳೆದ ತಿಂಗಳಷ್ಟೇ ಕಟ್ಟಡದವರೆಲ್ಲ ಸಭೆ ಸೇರಿ, ಬೆಂಕಿಗಾಲ ಮುಗಿಯುವವರೆಗೆ ಯಾರ ಮನೆಯಿಂದಲಾದರೂ ಹೊಗೆ ಎದ್ದರೆ ಅವರು ಒಂದು ತಿಂಗಳು ಮೆಟ್ಟಿಲು ಗುಡಿಸಬೇಕೆಂದು ತೀರ್ಮಾನಿಸಿದ್ದರು. ಆ ಮಾತು ಎತ್ತಿದವನು, ಮೇಜು ಕುಟ್ಟಿ ವಾದಿಸಿದವನು, ಗುಡಿಸುವುದರ ಜೊತೆಗೆ ಒರೆಸಲೂಬೇಕೆಂದು ಸೇರಿಸಿದವನು ಸ್ವತಃ ಚಷ್ಮಾ.

"ಕಾಡಿನ ಹೊಗೆ ಸಾರ್" ಎಂದುಬಿಟ್ಟ. "ಕಿಟಕಿ ತೆಗೆದಿಟ್ಟಿದ್ದೆ. ಗುಡ್ಡದ ಕಡೆಯಿಂದ ಒಂದೇ ಸಲ ನುಗ್ಗಿಬಿಡ್ತು."

ಹೆಡ್ಮಾಸ್ತರ ಮುಖ ಅರಳಿತು. "ನಾನು ಹೇಳ್ಲಿಲ್ವಾ? ನಾನು ನೌಕರಿಗೆ ಸೇರಿದ ವರ್ಷ ಎದ್ದಿತ್ತಲ್ಲ, ಆ ಬೆಂಕಿಯನ್ನೂ ಇದು ಮೀರಿಸುತ್ತೆ ಅಂತ!"

ಅಷ್ಟರಲ್ಲಿ ಕೆಳಗಿನ ಮನೆಯ ಟೈಲರಕ್ಕ ಕುತ್ತಿಗೆಗೆ ಅಳತೆಪಟ್ಟಿ ಹಾಕಿಕೊಂಡೇ ಹತ್ತಿ ಬಂದಳು. ಗಾಳಿಯನ್ನೊಮ್ಮೆ ನೋಡಿ, ಅಗ್ಗದ ಬಟ್ಟೆ ಕಂಡವಳಂತೆ ಮುಖ ಸಿಂಡರಿಸಿದಳು.

"ಇದೂ ಒಂದು ಹೊಗೇನಾ ಮಾಸ್ತರೇ? ನನ್ನ ಎರಡನೇ ಮಗಳು ಹುಟ್ಟಿದ ವರ್ಷ ನೋಡ್ಬೇಕಿತ್ತು ನೀವು. ಮಟಮಟ ಮಧ್ಯಾಹ್ನ ದೀಪ ಹಚ್ಕೊಂಡು ಸೂಜಿಗೆ ದಾರ ಪೋಣಿಸಿದ್ದೆ."

"ಆ ವರ್ಷದ್ದು ಬರೀ ಮೋಡ ಕಣಮ್ಮ!"

"ಮೋಡದಿಂದ ಬೂದಿ ಉದುರುತ್ತಾ? ಮದುವೆಗೆ ಹೊಲಿದಿಟ್ಟಿದ್ದ ಬಿಳಿ ಬಟ್ಟೆ ಅಷ್ಟೂ ಬೂದುಬಣ್ಣ ಆಗಿತ್ತು. ಆ ಮನೆಯವರು ಅದೇ ಹೊಸ ಫ್ಯಾಷನ್ ಅಂದ್ಕೊಂಡು ಹಾಕ್ಕೊಂಡ್ರು!"

ಇಬ್ಬರೂ ತಮ್ಮ ತಮ್ಮ ವರ್ಷದ ಹೊಗೆಯನ್ನು ಸ್ವಂತ ಮಕ್ಕಳ ಹಾಗೆ ಹೊಗಳಿಕೊಳ್ಳುತ್ತಿರುವಾಗ ಚಷ್ಮಾ ಮೆಲ್ಲನೆ ಬಾಗಿಲು ಹಾಕಲು ನೋಡಿದ. ಹೆಡ್ಮಾಸ್ತರು ಕಾಲು ಅಡ್ಡ ಇಟ್ಟರು. "ಇರು. ಸರ್ಕಾರದವರ ಬಾಯಿಂದಲೇ ಹೇಳಿಸ್ತೀನಿ ಈಕೆಗೆ" ಎಂದು ಅಗ್ನಿಶಾಮಕ ಠಾಣೆಗೆ ಫೋನು ಹಚ್ಚಿದರು. ಎಲ್ಲವನ್ನೂ ವಿವರಿಸಿ, "ಕಣ್ಣಾರೆ ಕಂಡವರು ಇಲ್ಲೇ ಇದಾರೆ, ಮಾತಾಡಿ" ಎಂದು ಫೋನನ್ನು ಚಷ್ಮಾನ ಕಿವಿಗೆ ಒತ್ತಿದರು.

"ಠಾಣಾಧಿಕಾರಿ ಮಾತಾಡ್ತಿರೋದು" ಎಂದಿತು ಆ ಕಡೆಯ ದನಿ. "ಹೊಗೆ ಎಂಥಾ ವಾಸನೆ ಬರ್ತಿದೆ? ಬೇಗ ಹೇಳಿ."

"ಆಲೂ..." ಎಂದು ಬಾಯಿಗೆ ಬಂದದ್ದು ಹೊರಬಿದ್ದೇಬಿಟ್ಟಿತು. ಹೆಡ್ಮಾಸ್ತರು ಮುಖವನ್ನೇ ನೋಡುತ್ತಿದ್ದರು. "ಆಲ... ಆಲದ ಮರ. ಆಲದ ಮರ ಸುಟ್ಟ ಹಾಗೆ ಸಾರ್."

ಆ ಕಡೆ ನಕಾಶೆ ಬಿಚ್ಚಿದ ಸದ್ದು ಕೇಳಿಸಿತು.

"ಸರಿಯಾಗಿ ಯೋಚ್ನೆ ಮಾಡಿ ಹೇಳಿ. ಗುಡ್ಡದ ಆಚೆ ಇರೋದು ಬರೀ ನೀಲಗಿರಿ. ಆಲದ ತೋಪು ಇರೋದು ಈಚೆ ಬದಿಗೆ, ನಿಮ್ಮ ಬೀದಿಯ ತಲೆ ಮೇಲೆ! ಬೆಂಕಿ ಗುಡ್ಡ ದಾಟಿದೆ ಅಂತೀರಾ?"

ಹೌದು ಎನ್ನಲು ಧೈರ್ಯವಿಲ್ಲ, ಇಲ್ಲ ಎನ್ನಲು ಮುಖವಿಲ್ಲ. ಚಷ್ಮಾ ಕೆಮ್ಮಿದ. ಅಧಿಕಾರಿಗೆ ಅಷ್ಟೇ ಸಾಕಾಯಿತು.

ಸ್ವಲ್ಪ ಹೊತ್ತಿನಲ್ಲೇ ಸೈರನ್ನು ಕೂಗಿತು. ಅಗ್ನಿಶಾಮಕ ವಾಹನಗಳು ಗುಡ್ಡದ ಕಡೆ ಓಡಿದವು. ಬೀದಿಯ ತುದಿಗೆ ಬಸ್ಸುಗಳು ಬಂದು ನಿಂತವು. ಎಲ್ಲರೂ ಮನೆ ಬಿಟ್ಟು ಹೊಳೆಯಾಚೆಯ ಸಭಾಂಗಣಕ್ಕೆ ಹೋಗಬೇಕೆಂದು ಧ್ವನಿವರ್ಧಕ ಅರಚತೊಡಗಿತು.

ಹೆಡ್ಮಾಸ್ತರ ಹೆಂಡತಿಗೆ ಮಂಡಿನೋವು. ಮೆಟ್ಟಿಲಿಳಿದು ವರ್ಷದ ಮೇಲಾಗಿತ್ತು. ಆಕೆಯನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿ ಮುಂದಿನ ಕಾಲುಗಳನ್ನು ಹೆಡ್ಮಾಸ್ತರು, ಹಿಂದಿನವನ್ನು ಚಷ್ಮಾ ಹಿಡಿದರು. "ನಿಧಾನ ಕಣಪ್ಪಾ, ಬೀದಿ ನೋಡಿ ಎಷ್ಟು ಕಾಲ ಆಯ್ತು. ಆತುರ ಏನಿಲ್ಲ" ಎಂದು ಆಕೆ ಮೆರವಣಿಗೆ ಹೊರಟವರಂತೆ ಅತ್ತಿತ್ತ ನೋಡುತ್ತಿದ್ದರು. ಚಷ್ಮಾನ ಬೆನ್ನು ಬಿಲ್ಲಾಯಿತು. ಅದಕ್ಕಿಂತ ಹೆಚ್ಚಾಗಿ ಹೇಳಿದ ಸುಳ್ಳು ಒಳಗೆ ಚುಚ್ಚುತ್ತಿತ್ತು.

"ಸಾರ್, ಒಂದು ವಿಷಯ ಹೇಳ್ಬೇಕು..."

"ಮಾತಾಡ್ಬೇಡ. ಉಸಿರು ಉಳಿಸ್ಕೋ."

ಬಸ್ಸಿನಲ್ಲಿ ಟೈಲರಕ್ಕ ಹೊಲಿಗೆ ಯಂತ್ರವನ್ನು ತೊಡೆಯ ಮೇಲೆ ಮಗುವಿನಂತೆ ಇಟ್ಟುಕೊಂಡು ಕೂತಿದ್ದಳು. ಚಷ್ಮಾ ಅವಳ ಕಿವಿಯ ಬಳಿ ಬಗ್ಗಿದ. "ಅಕ್ಕಾ, ನಿಜ ಏನು ಗೊತ್ತಾ? ಆಲೂಗಡ್ಡೆ ಇತ್ತಲ್ಲ..."

"ಅಯ್ಯೋ ತಮ್ಮಾ, ಈ ಹೊತ್ತಲ್ಲೂ ನಿಂಗೆ ಆಲೂಗಡ್ಡೆ ಚಿಂತೇನಾ? ಜೀವ ಉಳಿದ್ರೆ ನಾನೇ ಬೇಯಿಸಿ ಕೊಡ್ತೀನಿ, ಸುಮ್ನಿರು."

ಸಭಾಂಗಣದಲ್ಲಿ ಇಡೀ ಬೀದಿ ಮಡಚುವ ಕುರ್ಚಿಗಳ ಮೇಲೆ ಮುದುಡಿ ಕೂತಿತ್ತು. ಒಬ್ಬರು ಅವಸರದಲ್ಲಿ ಬರೀ ಛತ್ರಿ ಹಿಡಿದು ಬಂದಿದ್ದರು. ಬಾಣಂತಿಯೊಬ್ಬಳು ಮಗುವನ್ನು ಎದೆಗವಚಿಕೊಂಡು, ಗುಡ್ಡದ ದಿಕ್ಕಿನ ಕಿಟಕಿಯಿಂದ ಕಣ್ಣು ತೆಗೆಯದೆ, ಸದ್ದಿಲ್ಲದೆ ಅಳುತ್ತಿದ್ದಳು. ಅದನ್ನು ನೋಡಿದ ಮೇಲೆ ಚಷ್ಮಾನಿಗೆ ತಡೆಯಲಾಗಲಿಲ್ಲ. ಮೆಟ್ಟಿಲಲ್ಲ, ಇಡೀ ಊರನ್ನೇ ಗುಡಿಸು ಎಂದರೂ ಸರಿ ಎಂದುಕೊಂಡು, ಬಾಗಿಲಲ್ಲಿ ವೈರ್‌ಲೆಸ್ ಹಿಡಿದು ನಿಂತಿದ್ದ ಠಾಣಾಧಿಕಾರಿಯ ಮುಂದೆ ಹೋಗಿ ನಿಂತ.

"ಸಾರ್, ಅದು ಆಲದ ಮರ ಅಲ್ಲ. ಆಲೂಗಡ್ಡೆ."

"ಏನಂದ್ರಿ?"

"ಒಲೆ ಮೇಲಿಟ್ಟು ನಿದ್ದೆ ಹೋಗ್ಬಿಟ್ಟೆ. ಸೀದು ಹೋಯ್ತು. ನಾಚಿಕೆಗೆ ಸುಳ್ಳು ಹೇಳ್ದೆ."

ಠಾಣಾಧಿಕಾರಿಯ ಮುಖ ಕುಲುಮೆಯ ಕಬ್ಬಿಣದಂತೆ ಮೆಲ್ಲಮೆಲ್ಲಗೆ ಕೆಂಪಾಯಿತು. "ನನ್ನ ಠಾಣೇಲಿದ್ದ ಗಾಡಿಗಳನ್ನೆಲ್ಲ ಕಳಿಸಿದೀನಿ! ಒಂದು ಬೀದಿ ಖಾಲಿ ಮಾಡ್ಸಿದೀನಿ! ಆಲೂಗಡ್ಡೆಗೆ?"

ಅವರು ಇನ್ನೂ ಏನೋ ಹೇಳಲು ಬಾಯಿ ತೆರೆದಾಗ ಕೈಯಲ್ಲಿದ್ದ ವೈರ್‌ಲೆಸ್ ಗೊರಗೊರ ಎಂದಿತು.

"ಸಾರ್, ಆಲದ ತೋಪಿನಿಂದ. ಬೆಂಕಿ ಸಿಕ್ತು! ಕಿಡಿ ಹಾರಿ ಗುಡ್ಡ ದಾಟಿದೆ, ಒಣಹುಲ್ಲಿಗೆ ಈಗಷ್ಟೇ ಹತ್ಕೊಂಡಿತ್ತು. ಇನ್ನೊಂದು ಚೂರು ತಡ ಆಗಿದ್ರೆ ಬೀದಿಗೇ ಇಳೀತಿತ್ತು. ಆರಿಸಿದೀವಿ ಸಾರ್, ಪೂರ್ತಿ ಆರಿಸಿದೀವಿ!"

ಠಾಣಾಧಿಕಾರಿ ಹತ್ತಿರದ ಕುರ್ಚಿಗೆ ಕುಸಿದರು. ಚಷ್ಮಾ ಕುರ್ಚಿಯಿಲ್ಲದ ಜಾಗದಲ್ಲೇ ಕುಸಿದ. ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಬಂಡೆ ಉರುಳಿಹೋಗಿ, ಒಮ್ಮೆಲೇ ನಗುವೂ ಅಳುವೂ ಒತ್ತರಿಸಿ ಬಂದವು. ಸುದ್ದಿ ಸಭಾಂಗಣದ ತುಂಬ ಹರಡಿತು. ಬಾಣಂತಿ ಮಗುವಿನ ತಲೆಗೆ ಮುತ್ತಿಟ್ಟಳು. ಛತ್ರಿಯವರು ಖುಷಿಗೆ ಒಳಗೇ ಛತ್ರಿ ಬಿಚ್ಚಿದರು.

ಹೆಡ್ಮಾಸ್ತರು ಧ್ವನಿವರ್ಧಕ ಕಿತ್ತುಕೊಂಡು, ಒಂದೊಂದು ಮರದ ಹೊಗೆಯನ್ನೂ ವಾಸನೆಯಿಂದಲೇ ಗುರುತಿಸುವ ಮಹಾಶಯ ನಮ್ಮ ಕಟ್ಟಡದವನು ಎಂದು ಸಾರಿದರು. ಚಪ್ಪಾಳೆ ಸುರಿಯಿತು. ಚಷ್ಮಾ ಎದ್ದು ನಿಂತು, "ಇಲ್ಲ, ನಾನು ಆಲೂಗಡ್ಡೆ ಸೀಯಿಸಿದ್ದು!" ಎಂದು ಕೂಗಿದ.

"ನೋಡಿದ್ರಾ ವಿನಯ ಅಂದ್ರೆ ಏನು ಅಂತ!" ಎಂದರು ಹೆಡ್ಮಾಸ್ತರು. ಚಪ್ಪಾಳೆ ಇಮ್ಮಡಿಯಾಯಿತು.

"ಬೆಂಕಿ ದೊಡ್ಡದೇ, ಒಪ್ಕೊಂಡೆ" ಎಂದಳು ಟೈಲರಕ್ಕ, ಕಣ್ಣೊರೆಸಿಕೊಳ್ಳುತ್ತ. "ಆದ್ರೆ ಹೊಗೆ ಮಾತ್ರ ನನ್ನ ವರ್ಷದ್ದೇ ಹೆಚ್ಚು."

ಗಲಾಟೆ ಇಳಿದ ಮೇಲೆ ಠಾಣಾಧಿಕಾರಿ ಚಷ್ಮಾನ ಹೆಗಲ ಮೇಲೆ ಕೈಹಾಕಿ ಮೂಲೆಗೆ ಕರೆದೊಯ್ದರು. ದನಿ ಬೆಣ್ಣೆಯಾಗಿತ್ತು.

"ನಾಳೆಯಿಂದ ಬೇಸಿಗೆ ಮುಗಿಯೋವರೆಗೂ ಗುಡ್ಡದ ಮೇಲಿನ ಕಾವಲು ಗೋಪುರದಲ್ಲಿ ನೀವೇ. ಹೊಗೆ ಕಂಡ ತಕ್ಷಣ ಹೇಳ್ಬೇಕು."

"ಸಾರ್, ನನ್ನ ಅಂಗಡಿ ಕೆಲಸ?"

"ನಿಮ್ಮ ಯಜಮಾನರ ಮನೆಯೂ ಅದೇ ಬೀದೀಲಿ ಇದೆ. ಅವರೇ ಕೈಮುಗಿದು ಕಳಿಸ್ಕೊಡ್ತೀನಿ ಅಂದ್ರು."

"ನಿಮಗೆ ನಿಜ ಗೊತ್ತಲ್ಲ ಸಾರ್!"

"ನನಗೆ ಗೊತ್ತು. ಆಲೂಗಡ್ಡೆ ನಂಬ್ಕೊಂಡು ಬೀದಿ ಖಾಲಿ ಮಾಡ್ಸಿದೆ ಅಂತ ಮೇಲಿನವರಿಗೆ ಹೇಳೋಕಾಗುತ್ತಾ? ನಿಮ್ಮ ಮೂಗಿನ ವಿಷಯ ಆಗ್ಲೇ ಹೇಳಾಯ್ತು."

ಆ ಹೊತ್ತಿಗೆ ಆಂಬುಲೆನ್ಸಿನಲ್ಲಿ ಬಂದಿಳಿದ ಚಷ್ಮಾನ ಹೆಂಡತಿ ಓಡಿಬಂದು ಅವನ ಎರಡೂ ಕೈ ಹಿಡಿದುಕೊಂಡಳು. "ಬೆಂಕಿ ನಮ್ಮ ಬೀದಿಗೆ ಅಂದಾಗ ಜೀವಾನೇ ಹೋಗಿತ್ತು ನಂಗೆ" ಎಂದಳು. ಅವನು ನಡೆದದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದ. ಅವಳಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು, ಕೊನೆಗೆ ಗೋಪುರದ ಮಾತು ಕೇಳಿದಾಗ ಗಂಡನ ಮೇಲೆ ಕನಿಕರವೇ ಬಂತು. ಸೀದಾ ಠಾಣಾಧಿಕಾರಿಯ ಕಡೆ ತಿರುಗಿದಳು.

"ಸಾರ್, ಇವರ ಕೈಲಿ ಆಗೋ ಕೆಲಸ ಅಲ್ಲ ಅದು. ಈ ಹೊಗೆ ಶುರುವಾದಾಗಿಂದ ಇವರ ಮೂಗು ಪೂರ್ತಿ ಕಟ್ಟಿಹೋಗಿದೆ. ದಿನಾ ನಾನೇ ಔಷಧಿ ಬಿಡ್ತಿದೀನಿ. ಯಾವ ವಾಸನೇನೂ ತಿಳಿಯೋಲ್ಲ. ಮೂಗು ನೆಟ್ಟಗಿದ್ದಿದ್ರೆ ಆಲೂಗಡ್ಡೆ ಯಾಕೆ ಸೀಯ್ತಿತ್ತು?"

ಚಷ್ಮಾ ಹೆಂಡತಿಯನ್ನು ದೇವತೆಯನ್ನು ನೋಡುವಂತೆ ನೋಡಿದ.

ಠಾಣಾಧಿಕಾರಿ ಒಂದು ಹೆಜ್ಜೆ ಮುಂದೆ ಬಂದೇಬಿಟ್ಟರು. ಬೆಳಗಿನಿಂದ ಮೊದಲ ಬಾರಿಗೆ ಅವರ ಮುಖದ ತುಂಬ ನಗು ಹರಡಿತು.

"ಮೊದಲೇ ಹೇಳ್ಬಾರ್ದಿತ್ತಾ ಸಿಸ್ಟರ್!" ಎಂದು ಚಷ್ಮಾನ ಕೈ ಹಿಡಿದು ಕುಲುಕಿದರು. "ಆ ಗೋಪುರದಲ್ಲಿ ಹೊಗೆ ನಾತ ತಡ್ಕೊಳ್ಳೋಕಾಗ್ದೆ ಮೂಗಿರೋ ಒಬ್ಬ ಮನುಷ್ಯನೂ ಅರ್ಧ ದಿನ ನಿಂತಿಲ್ಲ. ಕಾವಲಿಗೆ ಕಣ್ಣಿದ್ರೆ ಸಾಕು. ಬರೀ ಹಗಲು ಪಾಳಿ ಕೊಡೋಣ ಅಂತ ಇದ್ದೆ. ಇವರಿಗೆ ಇಡೀ ಬೇಸಿಗೆ ಹಗಲೂ ರಾತ್ರಿ ಎರಡೂ ಪಾಳಿ ಕೊಡ್ತೀನಿ!"