ಮಾವ ಹಚ್ಚಿಸಿದ ಬಾಟಲಿ ಪಾಳಿ

ಬೇವೂರಿನ ನನ್ನ ಸೋದರಮಾವನನ್ನು ಕೇಳಿದರೆ, ಈ ದೇಶದ ಗಡಿ ಕಾಯುತ್ತಿರುವವಳು ನಾನೊಬ್ಬಳೇ! ಸೈನ್ಯದ ಉಳಿದವರೆಲ್ಲ ನನಗೆ ಚಹಾ ತಂದುಕೊಡುವವರು. ನಿಜ ಹೇಳಲೇ? ನಾನು ಕೂರುವುದು ಸೈನಿಕ ಆಸ್ಪತ್ರೆಯ ಲ್ಯಾಬಿನಲ್ಲಿ. ನನ್ನ ಮುಂದಿರುವುದು ಜವಾನರ ರಕ್ತ, ಮೂತ್ರ. ತರಬೇತಿಯಲ್ಲಿ ಬಂದೂಕು ಕೊಟ್ಟಾಗ ಎರಡೂ ಕಣ್ಣು ಮುಚ್ಚಿ ಹೊಡೆದವಳು ನಾನು. ಗುಂಡು ಎಲ್ಲಿ ಹೋಯಿತೋ, ಇನ್ನೂ ಯಾರೂ ಹೇಳಿಲ್ಲ!

ಒಮ್ಮೆ ಯಲಬುರ್ಗಾದ ಬಸ್ಸಿನಲ್ಲಿ ಮಾವ ಕೂಗಿದ: "ಮಿಲ್ಟ್ರಿ ಮಂದಿ ಬಂದಾರ, ಸೀಟ ಬಿಡ್ರಿ!"

ಹುರಿಮೀಸೆಯ ಹಿರಿಯರೊಬ್ಬರು ಗೌರವದಿಂದ ಎದ್ದರು. "ಮಿಲ್ಟ್ರಿಯಾಗ ಏನ್ ಕೆಲಸ ತಂಗಿ?"

"ರಕ್ತ, ಉಚ್ಚಿ ತಪಾಸ ಮಾಡ್ತೀನ್ರಿ."

ಹಿರಿಯರು ಮತ್ತೆ ಕುಳಿತುಬಿಟ್ಟರು!

ಈ ಸಲ ರಜೆಗೆ ಬಂದು ಮಾವನ ಮನೆಯಲ್ಲಿ ಉಳಿದ ನಾಲ್ಕನೆಯ ಬೆಳಿಗ್ಗೆ ಬಾಗಿಲು ತೆಗೆದರೆ, ಕಟ್ಟೆಯ ಮುಂದೆ ಎಂಟು ಜನರ ಪಾಳಿ. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಬಾಟಲಿ! ಒಳಗೇನಿತ್ತೆಂದು ಬೇರೆ ಹೇಳಬೇಕೆ?

"ಮಾವ, ನನ್ನ ಕಡೆ ಮಷಿನ್ ಎಲ್ಲೈತಿ?"

"ಮಿಲ್ಟ್ರಿಯಾಗ ಪಳಗಿದ ಕಣ್ಣು ಅದಾವಲ್ಲ! ಬಿಸಲಿಗೆ ಹಿಡದು ನೋಡು."

ನಾನು ದೊಡ್ಡ ಅಧಿಕಾರಿಯ ಗತ್ತಿನಲ್ಲಿ ಭಾಷಣ ಬಿಗಿದು, ಎಲ್ಲರೂ ಯಲಬುರ್ಗಾ ದವಾಖಾನೆಗೆ ಹೋಗಬೇಕೆಂದು ಅಪ್ಪಣೆ ಕೊಟ್ಟೆ. ಜನ ಗೊಣಗುತ್ತ ಬಾಟಲಿ ಸಮೇತ ಹೊರಟರು. ಕಟ್ಟೆಯ ಮೂಲೆಯಲ್ಲಿ ಒಂದು ಬಾಟಲಿ ಮಾತ್ರ ಉಳಿಯಿತು. ಅದರಿಂದ ಸೋರಿದ ಹನಿಗಳಿಗೆ ಇರುವೆ ಮುತ್ತಿದ್ದವು.

"ಇದು ಯಾರದು?"

ಮಾವ ಬೇವಿನ ಮರ ನೋಡತೊಡಗಿದ. ಆಗ ಕಂಡಿತು ನನಗೆ: ಅಂಗಿ ಅವನ ಮೈಮೇಲೆ ಜೋತುಬಿದ್ದಿತ್ತು, ಕೊರಳ ಎಲುಬು ಎದ್ದಿದ್ದವು. ಮೂರು ದಿನ ಅವನೆದುರೇ ಕುಳಿತು ರೊಟ್ಟಿ ತಿಂದಿದ್ದೆ. ಅವನು ಗಳಿಗೆಗೊಮ್ಮೆ ನೀರಿನ ತಂಬಿಗೆ ಎತ್ತುವುದನ್ನು ನೋಡಿ "ಬಿಸಲು ಭಾಳ ಐತಿ" ಎಂದಿದ್ದೆ. ಪಳಗಿದ ಕಣ್ಣಂತೆ! ನನಗಿಂತ ಮೊದಲು ಇರುವೆಗಳು ಪತ್ತೆ ಹಚ್ಚಿದ್ದವು.

"ನಾನೊಬ್ಬನ ಕೇಳಾಕ ಅಂಜಿಕಿ ಬಂತು ತಂಗಿ," ಎಂದ ಮಾವ. "ನಾಕು ಮಂದಿ ನಡುವ ನಂದೂ ತಪಾಸ ಆಗಿಬಿಡ್ತೈತಿ ಅಂತ ಅವರನ್ನೆಲ್ಲ ಕರದೆ."

ಅದು ಸಕ್ಕರೆ ಕಾಯಿಲೆ ಎಂದು ಯಲಬುರ್ಗಾ ದವಾಖಾನೆಯಲ್ಲಿ ತಿಳಿಯಿತು. ಗುಳಿಗೆಯಿಂದ ಹತೋಟಿಗೂ ಬಂತು. ಆದರೆ ನನಗೆ ಮರೆಯಲಾಗದ್ದು ಅಲ್ಲಿ ಅವನ ರಕ್ತ ತೆಗೆದ ಗಳಿಗೆ. ಲೆಕ್ಕವಿಲ್ಲದಷ್ಟು ತೋಳುಗಳಿಗೆ ಸೂಜಿ ಚುಚ್ಚಿದವಳು ನಾನು. ಮಾವನ ಸೊರಗಿದ ತೋಳಿನ ಹತ್ತಿರ ನರ್ಸಿನ ಸೂಜಿ ಬಂದದ್ದೇ ಎರಡೂ ಕಣ್ಣು ಮುಚ್ಚಿಬಿಟ್ಟೆ.

ಮಾವ ಇನ್ನೊಂದು ಕೈಯಿಂದ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡ.

"ಅಂಜಬ್ಯಾಡ ತಂಗಿ. ಆತು ನೋಡು, ಮುಗೀತು."