ಒಂದು ಅಕ್ಷರಕ್ಕೆ ಮೂರು ಹಾಸಿಗೆ

ಶಿಸ್ತಿನವರಿಗೆ ಒಂದು ಕೆಟ್ಟ ಚಟವಿರುತ್ತದೆ: ತಾವು ಮಾಡಿದ ನಿಯಮವನ್ನು ಲ್ಯಾಮಿನೇಟ್ ಮಾಡಿಸಿ ಗೋಡೆಗೆ ಅಂಟಿಸುವುದು. ಮೂವತ್ತೈದು ವರ್ಷ ವಾರ್ಡ್ ಸಿಸ್ಟರ್ ಆಗಿದ್ದ ನನಗೆ ನಿವೃತ್ತಿಯ ನಂತರವೂ ಅದು ಬಿಟ್ಟಿಲ್ಲ. ಈಗಲೂ ಐದಕ್ಕೆ ಏಳುತ್ತೇನೆ. ಐದೂಕಾಲಿಗೆ ಹಾಸಿಗೆಯ ಹೊದಿಕೆಯನ್ನು ಮೂಲೆ ಮಡಿಸಿ ಬಿಗಿಯುತ್ತೇನೆ, ಯಜಮಾನರು ಇನ್ನೂ ಅದರೊಳಗೇ ಇದ್ದರೂ ಸರಿ. ಇಂಥವಳ ಕೈಗೆ ಈ ಪರದೇಶದ ಹ್ಯಾಮಿಲ್ಟನ್ನಿನ ನಮ್ಮ ಬಡಾವಣೆಯ ಸಭಾಭವನದವರು ಶನಿವಾರದ ತರಗತಿಗಳ ಉಸ್ತುವಾರಿ ಕೊಟ್ಟರು.

ಯಾವ ಕೋಣೆಯಲ್ಲಿ ಯಾವ ತರಗತಿ ಎಂದು ತೋರಿಸುವ ವಿದ್ಯುತ್ ಫಲಕ ಬಾಗಿಲಲ್ಲೇ ಇದೆ. ಅದರಲ್ಲಿ ತರಗತಿಗೊಂದು ಸಾಲು, ಸಾಲಿಗೆ ಇಪ್ಪತ್ನಾಲ್ಕೇ ಜಾಗ ಎಂದು ನಿಯಮ ಮಾಡಿ ಅಂಟಿಸಿದೆ. ಮೊದಲ ಕೋಣೆ ತೈವಾನಿನ ಮೇ ಅವರದು. ಚೀನೀ ಚಿತ್ರಾಕ್ಷರ ಓದಲು ಬಾರದ ಪುಟಾಣಿಗಳಿಗೆ ಉಚ್ಚಾರಣೆಗೆಂದೇ ㄅ ಎಂಬಂಥ ಪುಟ್ಟ ಅಕ್ಷರಗಳಿವೆಯಂತೆ. ತರಗತಿಯ ಹೆಸರನ್ನು ಅಂಥ ಒಂಬತ್ತು ಅಕ್ಷರಗಳಲ್ಲಿ ಬರೆದುಕೊಟ್ಟರು. ಫಲಕದಲ್ಲಿ ಬಂದದ್ದು ಎಂಟು. ಮಕ್ಕಳು ಬಿದ್ದು ಬಿದ್ದು ನಕ್ಕವು. ಫಲಕ ಕೂರಿಸಿದ ಗದಗಿನ ಸಲೀಮರನ್ನು ಕರೆಸಿದೆ. ಯೂಟ್ ಗಾಡಿಯಿಂದ ಇಳಿದವರೇ ಅಂದರು:

"ಬೋರ್ಡ್ ಬರೋಬ್ಬರಿ ಐತ್ರಿ ಅಕ್ಕಾರ. ಜಗತ್ತಿನ ಒಂದೊಂದ ಅಕ್ಷರಕ್ಕೂ ಒಂದ ನಂಬರ್ ಐತಿ. ಇಂಗ್ಲಿಷ್‌ದು ಸಣ್ಣ ನಂಬರ್, ಒಂದ ಜಾಗದಾಗ ಕುಂದರ್ತೈತಿ. ಇದರದ್ದು ದೊಡ್ಡ ನಂಬರ್, ಮೂರು ತುಂಡು ಮಾಡಿ ಮೂರು ಜಾಗದಾಗ ಇಡಬೇಕ್ರಿ. ಒಂಬತ್ ಮೂರ್ಲೆ ಇಪ್ಪತ್ತೇಳು."

"ಒಬ್ಬ ರೋಗಿಗೆ ಮೂರು ಹಾಸಿಗೆಯೇನ್ರೀ?"

"ಹಂಗ ತಿಳ್ಕೊಳ್ರಿ. ಜಾಗ ಹೆಚ್ಚ ಮಾಡೂದು ಎರಡ ನಿಮಿಷದ ಕೆಲಸ. ನೀವು ಹೂಂ ಅನ್ರಿ."

ಮೇ ಕೇಳಿದ್ದು ಮೂರೇ ಜಾಗ. ನಾನು ಗೋಡೆಯ ಹಾಳೆ ತೋರಿಸಿದೆ. ಪಾಪ, ಒಂಬತ್ತನೆಯ ಅಕ್ಷರವನ್ನು ರಟ್ಟಿನಲ್ಲಿ ಕತ್ತರಿಸಿ ಫಲಕದ ಪಕ್ಕ ಅಂಟಿಸಿದರು. ಅದನ್ನೂ ಕಿತ್ತೆ. ಗೋಡೆಗೆ ಅಂಟಿಸುವ ಹಕ್ಕು ನನ್ನೊಬ್ಬಳದು.

ಮುಂದಿನ ಶನಿವಾರ ನನ್ನ ತರಗತಿಯೇ ಶುರು. ಮೊದಲೆರಡು ವಾರ ಮಕ್ಕಳು ಬರದಿದ್ದರೆ ಕೋಣೆ ಜುಂಬಾ ಕುಣಿತದವರಿಗೆ. ಹೆಸರು 'ಕನ್ನಡ ಶಾಲೆ'. ಬೆರಳಲ್ಲಿ ಎಣಿಸಿದೆ, ಐದೇ ಅಕ್ಷರ. ಇಪ್ಪತ್ನಾಲ್ಕರಲ್ಲಿ ಆರಾಮಾಗಿ ಕಾಲು ಚಾಚಿ ಮಲಗಬಹುದು ಎಂದುಕೊಂಡೆ. ಫಲಕದಲ್ಲಿ 'ಕನ್ನಡ ಶಾ' ಬಂತು, ಪಕ್ಕದಲ್ಲೊಂದು ಖಾಲಿ ಡಬ್ಬಿ. "ಆಂಟಿ, ಕ್ಲಾಸ್ ಕ್ಯಾನ್ಸಲ್ಲಾ? ಬೋರ್ಡು ಅರ್ಧಕ್ಕೇ ನಿಂತಿದೆ, ನಾವು ವಾಪಸ್ ಬಂದ್ವಿ" ಎಂದು ಒಬ್ಬ ತಾಯಿ ಫೋನ್ ಮಾಡಿದಳು. ಅಂದು ನಾನು ಪಾಠ ಮಾಡಿದ್ದು ಹನ್ನೆರಡು ಕುರ್ಚಿಗಳಿಗೆ.

"ನಮ್ಮ ಅಕ್ಷರನೂ ಮೂರ ರೀ," ಎಂದರು ಮತ್ತೆ ಬಂದ ಸಲೀಮ್, ನಗು ನುಂಗಿಕೊಂಡು. "ದೀರ್ಘಕ್ಕ ಬ್ಯಾರೆ ಮೂರು, ಏತ್ವಕ್ಕ ಬ್ಯಾರೆ ಮೂರು. ಒತ್ತಿರೋ 'ನ್ನ' ಒಂದಕ್ಕ ಎರಡ ನ, ಅವನ್ನ ಕೂಡಸೂ ಕೊಂಡಿ ಒಂದು, ಒಟ್ಟ ಒಂಬತ್ತು! ಎರಡ ಶಬ್ದದ ನಡುವಿನ ಖಾಲಿ ಜಾಗದ್ದ ಒಂದ ಸೇರಿಸಿ ಇಪ್ಪತ್ತೆಂಟು."

ಒಬ್ಬ ರೋಗಿಗೆ ಒಂಬತ್ತು ಹಾಸಿಗೆ! ನಿಯಮ ಬದಲಿಸಲು ಇನ್ನೊಬ್ಬ ಶಿಕ್ಷಕರ ಸಹಿ ಬೇಕೆಂಬ ನಿಯಮವನ್ನೂ ನಾನೇ ಬರೆದಿದ್ದೆ. ಇದ್ದ ಇನ್ನೊಬ್ಬ ಶಿಕ್ಷಕಿ ಮೇ. ಹೋಗಿ ನಿಂತೆ. "ನಾಲ್ಕು ಹೆಚ್ಚಿಗೆಯೇ? ನಾನು ಕೇಳಿದ್ದು ಮೂರು," ಎಂದಷ್ಟೇ ಹೇಳಿ ಸಹಿ ಹಾಕಿದರು.

ಈಗ ಸಾಲಿಗೆ ಇಪ್ಪತ್ತೆಂಟು ಜಾಗ. ಮುಂದಿನ ವಾರ ಏಳು ಮಕ್ಕಳು ಬಂದವು, ಕೋಣೆ ಉಳಿಯಿತು. ಮೇ ಅವರ ಒಂಬತ್ತು ಅಕ್ಷರಗಳೂ ಕೂತು, ಒಂದು ಜಾಗ ಮಿಕ್ಕಿತ್ತು. ಅದರಲ್ಲಿ ಅವರು ಇಂಗ್ಲಿಷಿನ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿಸಿದ್ದಾರೆ. ಪ್ರತಿ ಶನಿವಾರ ಅದು ನನ್ನನ್ನೇ ನೋಡುತ್ತದೆ. ತಿರುಗಿ ಉತ್ತರ ಕೊಡೋಣವೆಂದರೆ, ನನ್ನ ಸಾಲಿನಲ್ಲಿ ಒಂದು ಚುಕ್ಕೆಗೂ ಜಾಗವಿಲ್ಲ.