ಎಳ್ಳಮಾವಾಸ್ಯೆಯ ದಿನ ನಾನು ಎದ್ದ ಬಂಡಾಯ

ಈ ವರ್ಷ ಬಂಡಾಯ ಎದ್ದೇ ತೀರಬೇಕೆಂದು ನಾನು ತೀರ್ಮಾನಿಸಿದ್ದು ಒಂದು ಸೋಮವಾರ, ಬೆಳಿಗ್ಗೆ ಹನ್ನೊಂದೂಕಾಲಿಗೆ, ಕಲಬುರಗಿಯ ನಮ್ಮ ಕಾಲೇಜಿನ ಬಿ.ಎ. ಎರಡನೇ ವರ್ಷದ ತರಗತಿಯಲ್ಲಿ! ಇತಿಹಾಸ ಬರೆಯುವವರು ದಯವಿಟ್ಟು ಗುರುತು ಹಾಕಿಕೊಳ್ಳಬೇಕು.

ನಾನು ಕನ್ನಡ ಮಾಸ್ತರ. ಆಳುವವರ ಎದುರು ತಲೆಯೆತ್ತುವುದಕ್ಕೆ ನಮ್ಮ ಭಾಷೆಯಲ್ಲಿ ಎಷ್ಟು ಪದಗಳಿವೆ ಎಂದು ಅಂದು ಬೋರ್ಡಿನ ತುಂಬ ಬರೆದಿದ್ದೆ. “ಪ್ರತಿಭಟನೆ ಅಂದರೆ ಬೇಡ ಅನ್ನುವುದು. ಧರಣಿ ಅಂದರೆ ಬೇಡ ಅಂತ ಕೂತುಬಿಡುವುದು. ದಂಗೆ ಅಂದರೆ ಕೂತವರು ಎದ್ದು ಕಲ್ಲು ಹುಡುಕುವುದು. ಬಂಡಾಯ ಅಂದರೆ, ಇನ್ನು ಮುಂದೆ ನಿನ್ನ ಮಾತು ಕೇಳುವುದಿಲ್ಲ ಅಂತ ಮುಖಕ್ಕೇ ಹೇಳುವುದು. ಅದು ಗೆದ್ದರೆ ಕ್ರಾಂತಿ. ಸೋತರೆ, ಗೆದ್ದವರು ಅದನ್ನು ದಂಗೆ ಅಂತಲೇ ಬರೆದಿಡುತ್ತಾರೆ!” ಚಪ್ಪಾಳೆ ಬಿತ್ತು. ಅಲ್ಲಿಗೇ ನಿಲ್ಲಿಸಿದ್ದರೆ ಬಚಾವಾಗುತ್ತಿದ್ದೆ.

ಕಮಲಾಪುರದಿಂದ ದಿನಾ ಬಸ್ಸಿಗೆ ಬರುವ ಅಂಜನಾ ಎದ್ದು ನಿಂತಳು.

“ಸರ್, ನೀವು ಯಾವತ್ತರ ಬಂಡಾಯ ಎದ್ದೀರೇನ್ರಿ?”

ನಲವತ್ತು ಜೋಡಿ ಕಣ್ಣು ನನ್ನ ಮೇಲೆ! “ಎದ್ದಿಲ್ಲ. ಬರೋ ಎಳ್ಳಮಾವಾಸಿಗೆ ಏಳಾಂವ ಇದ್ದೀನಿ. ನಿಮ್ಮೂರಾಗೇ! ಬೇಕಾದ್ರ ಬಂದು ನೋಡು!” ಎಂದುಬಿಟ್ಟೆ.

ನಾನು ಎದುರಿಸಬೇಕಾಗಿದ್ದ ಸರಕಾರದ ಹೆಸರು ನೀಲಗಂಗಮ್ಮ. ನನ್ನ ಅತ್ತೆ. ಎಳ್ಳಮಾವಾಸ್ಯೆಗೆ ನಮ್ಮ ಕಡೆ ಎಲ್ಲರೂ ಹೊಲಕ್ಕೆ ಹೋಗಿ, ಮಾಡಿದ ಅಡಿಗೆಯಲ್ಲಿ ಒಂದೊಂದು ಪಾಲು ತೆಗೆದು ಕಲಸಿ ಬೆಳೆಯ ಮೇಲೆ ಚೆಲ್ಲುತ್ತೇವೆ. ಅದೇ ಚರಗ. ಮುಂದಿನವನು ಚೆಲ್ಲುತ್ತ ಕೂಗಬೇಕು, ಹಿಂದಿನವರು ನೀರು ಚಿಮುಕಿಸುತ್ತ ದನಿಗೂಡಿಸಬೇಕು. ಆ ಮುಂದಿನವನು ಅಳಿಯನೇ ಆಗಿರಬೇಕೆಂಬುದು ಯಾವ ಶಾಸ್ತ್ರದಲ್ಲೂ ಇಲ್ಲ, ನಮ್ಮ ಅತ್ತೆಯೇ ಮಾಡಿದ ಕಾನೂನು. ಅದನ್ನು ನೋಡಿ ಅಕ್ಕಪಕ್ಕದ ಹೊಲದವರೂ ತಮ್ಮ ತಮ್ಮ ಅಳಿಯಂದಿರಿಗೆ ಚರಗದ ಬುಟ್ಟಿ ಹೊರಿಸಿದರು! ಹೊಸ ಧೋತರ, ತಲೆಗೆ ರುಮಾಲು, ಹೆಗಲಿಗೆ ಕಂಬಳಿ, ಎಂಟು ಎಕರೆ ಜೋಳ. ಹನ್ನೆರಡು ವರ್ಷದಿಂದ ನಡೆದೂ ನಡೆದೂ ನನ್ನ ಹಿಮ್ಮಡಿ ಬಿರಿದಿತ್ತು. ಈ ಸಲ ಮಾತ್ರ ಬದುವಿನ ಮೇಲೆ ಕೂತು ಹಾಯಾಗಿ ಉಣ್ಣಬೇಕು!

ನಾಲ್ಕು ದಿನ ಬಚ್ಚಲಿನಲ್ಲಿ ಘೋಷಣೆಯ ತಾಲೀಮು ನಡೆಸಿದೆ. ಹೆಂಡತಿ ರೇವತಿ ಬಾಗಿಲು ಬಡಿದಳು.

“ಏನ್ರೀ, ಒಳಗ ಯಾರಿಗಿ ಧಿಕ್ಕಾರ ಹಾಕಾಕತ್ತೀರಿ? ಗೀಜರಿಗೇನು?”

“ನಿಮ್ಮವ್ವನ ದಬ್ಬಾಳಿಕೆಗೆ! ಇದು ಬಂಡಾಯ!”

“ಬಂಡಾಯ ಆಮ್ಯಾಗ ಮಾಡ್ರಿ. ಮೊದಲ ನಳ ಬಂದ್ ಮಾಡ್ರಿ, ಟಾಕಿ ಖಾಲಿ ಆಗ್ತದ.”

ನಳ ಬಂದ್ ಮಾಡಿದೆ. ಬಂಡಾಯ ಬಂದ್ ಮಾಡಲಿಲ್ಲ.

ಹಬ್ಬದ ದಿನ ಕಮಲಾಪುರದ ಹೊಲದಲ್ಲಿ ಅತ್ತೆಯ ಮುಂದೆ ಎದೆಯುಬ್ಬಿಸಿ ನಿಂತೆ. “ಅತ್ತಿಯವರ, ಈ ವರ್ಷ...” ಎನ್ನುವಷ್ಟರಲ್ಲಿ ಬುಟ್ಟಿ ಕೈಗೆ ಬಂತು. ಅವರ ಒಂದೇ ಒಂದು ನೋಟಕ್ಕೆ ಕಾಲುಗಳು ತಾವಾಗಿಯೇ ಜೋಳದೊಳಗೆ ನಡೆದವು! ಥೂ, ಕಾಲುಗಳೇ! ಆದರೆ ನಾಲಿಗೆ ಬಿಡಬೇಕಲ್ಲ? ಮೊದಲ ಹಿಡಿ ಚೆಲ್ಲಿ, ಚರಗದ ಕೂಗು ಕೂಗಲು ಬಾಯಿ ತೆಗೆದೆ. ನಾಲ್ಕು ದಿನದ ತಾಲೀಮು ಹೊರಗೆ ಬಿತ್ತು:

“ಅತ್ತೆಯ ದಬ್ಬಾಳಿಕೆಗೇ...”

“ಧಿಕ್ಕಾರ! ಧಿಕ್ಕಾರ!”

ತಿರುಗಿ ನೋಡಿದೆ. ಹಿಂದೆ ನೀರಿನ ತಂಬಿಗೆ ಹಿಡಿದವರು ನನ್ನ ಮಾವ ಅಣವೀರಪ್ಪನವರು! ನಲವತ್ತು ವರ್ಷದ ಸಂಸಾರದಲ್ಲಿ ಅವರ ದನಿ ಅಷ್ಟು ದೊಡ್ಡದಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಬಹುಶಃ ಅವರಿಗೂ! ಅತ್ತೆ ಒಮ್ಮೆ ಕೆಮ್ಮಿದರು. ಮಾವ ತಂಬಿಗೆ ಕೆಳಗಿಟ್ಟು ಬಾವಿಯ ಕಡೆ ಹೋದವರು ಊಟದ ತನಕ ಕಾಣಲಿಲ್ಲ.

ಆದರೆ ಕಿಡಿ ಹೊತ್ತಿಯಾಗಿತ್ತು! ಪಕ್ಕದ ಹೊಲದ ಅಳಿಯ ಸಂಜುಕುಮಾರ ತನ್ನ ಬುಟ್ಟಿ ಇಳಿಸಿ ಓಡಿ ಬಂದ. ಅವನ ಹಿಂದೆ ಇನ್ನೂ ಮೂರು ಹೊಲದ ಅಳಿಯಂದಿರು! ಐದು ರುಮಾಲು ಬದುವಿನ ಮೇಲೆ ಸಾಲಾಗಿ ಧರಣಿ ಕೂತೆವು. ಆನಂದಕ್ಕೆ ನನ್ನ ಕಣ್ಣು ತುಂಬಿ ಬಂತು. ಕ್ರಾಂತಿ ಎಂಬ ಪದ ಬಾಯಿಯ ತುದಿಗೆ ಬಂದಿತ್ತು.

ಅತ್ತೆ ಬೈಯಲಿಲ್ಲ. ನಮ್ಮೆದುರು ಕಂಬಳಿ ಹಾಸಿ, ಕಾಳು, ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿಪಲ್ಲೆಯ ಬೋಗುಣಿಯ ಮುಚ್ಚಳ ತೆಗೆದರು. “ಕೂಡ್ರಿ, ಆರಾಮ ಕೂಡ್ರಿ. ಚರಗ ಆಗೋತನಕ ಯಾರಿಗೂ ಊಟ ಇಲ್ಲ. ಅವಸರ ಏನದ?”

ಭಜ್ಜಿಯ ವಾಸನೆ ಬಂತು. ಸಜ್ಜೆ ಕಡುಬಿನದೂ ಬಂತು. ಹತ್ತು ನಿಮಿಷಕ್ಕೆ ಒಂದು ರುಮಾಲು ಎದ್ದಿತು, ಹದಿನೈದಕ್ಕೆ ಎರಡು. ಕಡೆಗೆ ಸಂಜುಕುಮಾರನೂ ಎದ್ದ.

“ನೀವೂನಾ?”

“ಸರ್, ನಿಮ್ಮ ವಿಚಾರಕ್ಕ ನನ್ನ ಪೂರಾ ಬೆಂಬಲ ಅದರಿ. ಹೊಟ್ಟಿದು ಮಾತ್ರ ಇಲ್ರಿ!”

ಐದೂ ಹೊಲದ ಅತ್ತೆಯಂದಿರು ನಿಂತಲ್ಲೇ ಸಭೆ ಸೇರಿ ತೀರ್ಪು ಕೊಟ್ಟರು. ಅಳಿಯಂದಿರ ತಲೆ ಕೆಡಿಸಿದವನೇ ಐದೂ ಹೊಲಕ್ಕೆ ಚರಗ ಚೆಲ್ಲಬೇಕು! ಚೆಲ್ಲಿದೆ. ಕೂಗಿದೆ. ಸಂಜೆಗೆ ಕಾಲೂ ಇಲ್ಲ, ದನಿಯೂ ಇಲ್ಲ. ಕಾರಿನಲ್ಲಿ ರೇವತಿ ಮೆಲ್ಲಗೆ ಕೇಳಿದಳು, “ಹಂಗಾದ್ರ ಇದು ಕ್ರಾಂತಿನೋ, ದಂಗೆನೋ?”

ಮರುದಿನ ತರಗತಿಗೆ ಕುಂಟುತ್ತ ಹೋದೆ. ಹೊಲದಲ್ಲಿ ಎಲ್ಲಿಯೂ ಅಂಜನಾ ಕಣ್ಣಿಗೆ ಬಿದ್ದಿರಲಿಲ್ಲ ಎಂಬ ಧೈರ್ಯ. ಬೋರ್ಡಿನ ಮೇಲೆ ಪ್ರತಿಭಟನೆ, ಧರಣಿ, ದಂಗೆ ಮತ್ತೆ ಬರೆದು, ‘ಬಂಡಾಯ’ ಎಂದು ಬರೆಯುತ್ತಿದ್ದಂತೆ ಅಂಜನಾ ಎದ್ದಳು. ಕೈಯಲ್ಲಿ ಸ್ಟೀಲ್ ಡಬ್ಬಿ.

“ಸರ್, ಸಂಜುಕುಮಾರ್ ನಮ್ಮ ಮಾಮಾ ಆಗ್ಬೇಕ್ರಿ, ಅಕ್ಕನ ಗಂಡ. ನಮ್ಮ ಹೊಲ ನಿಮ್ಮ ಅತ್ತಿಯವರ ಬದುವಿಗೇ ಅದರಿ. ನೀವು ಬಂದು ನೋಡು ಅಂದಿದ್ರಲ್ರಿ, ನೋಡಿದೆ.”

“ಡಬ್ಬಿ ಏನು?” ಎಂದು ಪಿಸುಗುಟ್ಟಿದೆ.

“ಸಜ್ಜಿ ಕಡಬ್ರಿ. ನಿಮ್ಮ ಅತ್ತಿಯವರು ಕೊಟ್ಟಾರ. ‘ನಮ್ಮ ಅಳಿಯಂದ್ರು ನಿನ್ನಿ ಸೆಟಗೊಂಡು ಮಾರಿ ಉಬ್ಬಿಸ್ಕೊಂಡಿದ್ರವ್ವ, ಹೊಟ್ಟಿ ತುಂಬ ಉಣಲಿಲ್ಲ, ಕೊಟ್ಟು ಬಾ’ ಅಂದ್ರು.” ನಲವತ್ತು ಪೆನ್ನುಗಳು ನೋಟ್‌ಬುಕ್ಕಿನ ಮೇಲೆ ಬಗ್ಗಿದವು. ಅಂಜನಾ ಬೋರ್ಡಿನ ಕಡೆ ಕೈ ತೋರಿಸಿ ಕೇಳಿದಳು, “ಸೆಟಗೊಳ್ಳೋದು ಅಂಬೋದನ್ನ ಯಾವ ಪದದ ಕೆಳಗ ಬರಕೋಬೇಕ್ರಿ ಸರ್?”